ಕುದುರೆಯ ಬಾಯಲ್ಲಿ ಹಲ್ಲಿಲ್ಲದ ಜಾಗ

ಆಗ ಭೂಮಿ ಇನ್ನೂ ಹಸಿ ಇತ್ತು. ಬೆಟ್ಟದ ಮೇಲೆ ಕಾಲಿಟ್ಟರೆ ಹೆಜ್ಜೆ ಮೂಡುತ್ತಿತ್ತು. ಹೊಳೆಗೆ ತನ್ನ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಅವರಿವರನ್ನು ಕೇಳಿಕೊಂಡು ಹರಿಯುತ್ತಿತ್ತು. ಗಾಳಿ ಮಾತಾಡುತ್ತಿತ್ತು. ಪ್ರಾಣಿಗಳೂ ಮಾತಾಡುತ್ತಿದ್ದವು. ಮನುಷ್ಯರು ಆಗಲೂ ಜಾಸ್ತಿಯೇ ಮಾತಾಡುತ್ತಿದ್ದರು.

ಆ ಕಾಲದಲ್ಲಿ ಒಂದೇ ಒಂದು ಕುದುರೆ ಮನುಷ್ಯರ ಹತ್ತಿರ ಬಂದಿತ್ತು. ಬೂದು ಬಣ್ಣದ ಹೆಣ್ಣು ಕುದುರೆ. ಅದನ್ನು ಕರೆತಂದವಳು ಈರಕ್ಕ. ಎಳೆದು ತರಲಿಲ್ಲ. ಹುಲ್ಲುಗಾವಲಿಗೆ ಹೋಗಿ ಅದರ ಕಡೆ ಬೆನ್ನು ಮಾಡಿ ಕೂತಳು. ಒಂದು ದಿನ ಕೂತಳು. ಎರಡು ದಿನ ಕೂತಳು. ಮೂರನೇ ದಿನ ಕುದುರೆ ತಾನೇ ಬಂದು ಅವಳ ಕತ್ತಿನ ಹಿಂದೆ ಉಸಿರು ಬಿಟ್ಟಿತು.

"ಯಾಕೆ ಕೂತಿದೀಯ?"

"ನಿನ್ನ ಮೇಲೆ ಕೂರೋಣ ಅಂತ."

"ಕೂತು?"

"ನೀನು ಹೋದ ಕಡೆ ನಾನು ಬರ್ತೀನಿ. ನಾನು ಹೋಗಬೇಕಾದ ಕಡೆ ನೀನು ಬಾ."

ಕುದುರೆ ಯೋಚನೆ ಮಾಡಿತು. "ಬೀಳ್ತೀಯ," ಅಂದಿತು.

"ಬೀಳ್ತೀನಿ."

"ಸರಿ, ಹತ್ತು."

ಅವಳು ಬಿದ್ದಳು. ಎಷ್ಟು ಸಲ ಅಂತ ಅವಳೂ ಲೆಕ್ಕ ಇಡಲಿಲ್ಲ, ಕುದುರೆಯೂ ಇಡಲಿಲ್ಲ. ಆಮೇಲೆ ಬೀಳಲಿಲ್ಲ.

ಊರಿನ ಮಕ್ಕಳು ನೋಡಿದರು. ನಮಗೂ ಕಲಿಸು ಅಂತ ಬೆನ್ನು ಹತ್ತಿದರು. ಈರಕ್ಕ ಹೊಳೆ ದಂಡೆಯ ಮೇಲೆ ದುಂಡಗೆ ಒಂದು ಜಾಗ ಮಾಡಿದಳು. ಕಲ್ಲು ಆರಿಸಿದಳು, ಮರಳು ಹಾಸಿದಳು. ಅದೇ ಮೊದಲನೇ ಕುದುರೆ ಶಾಲೆ.

ಅಲ್ಲಿ ಹಗ್ಗ ಇರಲಿಲ್ಲ. ಕಡಿವಾಣ ಇರಲಿಲ್ಲ. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆವರೆಗೆ ಮಕ್ಕಳು ಎದೆ ಮೇಲೆ ಕೈ ಕಟ್ಟಿಕೊಂಡು ಕುದುರೆ ಮೇಲೆ ಕೂರಬೇಕು. ಕುದುರೆ ಸುತ್ತು ಹಾಕುತ್ತೆ. ಅಷ್ಟೇ ಪಾಠ.

"ಈರಕ್ಕಾ, ಏನು ಹಿಡ್ಕೊಳ್ಳಲಿ?" ಅಂತ ಮಕ್ಕಳು ಕಿರುಚುತ್ತಿದ್ದರು.

"ಏನೂ ಹಿಡ್ಕೋಬೇಡ. ಕೈ ಕಟ್ಟು. ಕೂತ್ಕೋ."

"ಬೀಳ್ತೀನಿ ಈರಕ್ಕಾ!"

"ಬೀಳು. ಮರಳು ಮೆತ್ತಗಿದೆ. ಕೈ ಕಟ್ಟು. ಕೂತ್ಕೋ."

ಬಿದ್ದವರು ಎದ್ದು, ಮರಳು ಕೊಡವಿ, ಒಂದು ಹಿಡಿ ಹುಲ್ಲು ಕಿತ್ತು ಕುದುರೆಗೆ ಕೊಡಬೇಕು. ನಾವು ಬಿದ್ದರೆ ಅದರ ಬೆನ್ನಿಗೂ ನೋವು, ಅದಕ್ಕೆ. ಹೀಗೆ ತಿಂಗಳು ಕಳೆಯುವ ಹೊತ್ತಿಗೆ ಮಕ್ಕಳ ಸೊಂಟ ಕಲಿಯುತ್ತಿತ್ತು, ತೊಡೆ ಕಲಿಯುತ್ತಿತ್ತು. ಕೈಗೆ ಮಾಡುವುದಕ್ಕೆ ಏನೂ ಉಳಿಯುತ್ತಿರಲಿಲ್ಲ.

ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಚಿಕ್ಕತಾಯಿ. ಹನ್ನೊಂದು ವರ್ಷದ ಹುಡುಗಿ. ಕುದುರೆ ಮೇಲೆ ಕೂತೇ ಜಡೆ ಹೆಣೆದುಕೊಳ್ಳುತ್ತಿದ್ದಳು.

ಕಲಿಯದೇ ಇದ್ದವನು ಒಬ್ಬ. ಈರಕ್ಕನ ಗಂಡ, ಕೆಂಚಯ್ಯ.

ಅವನು ಗಟ್ಟಿ ಆಳು. ಇಬ್ಬರು ಹೊರುವ ಕಲ್ಲು ಒಬ್ಬನೇ ಹೊರುತ್ತಿದ್ದ. ದಿನಾ ಬಂದು ಶಾಲೆಯ ಅಂಚಿನಲ್ಲಿ ನಿಂತು ಹುಣಸೆ ಚಿಗುರು ಜಗಿಯುತ್ತಾ ಮಕ್ಕಳು ಬೀಳುವುದನ್ನು ನೋಡಿ ನಗುತ್ತಿದ್ದ.

"ರೀ, ಬನ್ನಿ. ನೀವೂ ಹತ್ತಿ," ಅನ್ನುತ್ತಿದ್ದಳು ಈರಕ್ಕ.

"ನಾಳೆ."

ಮಾರನೇ ದಿನ ಕರೆದರೂ "ನಾಳೆ."

ಗಾಳಿ ಅವನ ಕಿವಿ ಹತ್ತಿರ ಬಂದು ಚುಚ್ಚಿತು. "ಕಲ್ಲು ಎತ್ತೋ ಕೆಂಚಯ್ಯ, ಮಕ್ಕಳ ಮುಂದೆ ಬಿದ್ದುಬಿಟ್ಟರೆ ಅಂತ ಹೆದರಿಕೆ ಕಣಯ್ಯ ನಿನಗೆ."

"ಎಲೆ ಅಲ್ಲಾಡಿಸೋದು ನಿನ್ನ ಕೆಲಸ. ಅತ್ಲಾಗೆ ಹೋಗು," ಅಂದ ಕೆಂಚಯ್ಯ.

ಗಾಳಿ ಹೇಳಿದ್ದು ನಿಜ. ನಗಬೇಡ. ಇದರಲ್ಲಿ ನಗೋದು ಏನೂ ಇಲ್ಲ. ಅವನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಒಂದು ಬೆಳಿಗ್ಗೆ ಈರಕ್ಕ ಏಳಲಿಲ್ಲ. ಮೈ ಕಾದ ಹಂಚಿನ ಹಾಗೆ ಸುಡುತ್ತಿತ್ತು. ನಾಲಿಗೆ ಒಣಗಿ ಅಂಟಿಕೊಂಡಿತ್ತು. ಊರಿನವರೆಲ್ಲ ಸೇರಿದರು. ಈ ಜ್ವರಕ್ಕೆ ಒಂದೇ ಬೇರು, ಅದು ಹೊಳೆ ಆಚೆ ಮೂರನೇ ಗುಡ್ಡದ ಅಜ್ಜಿ ಹತ್ತಿರ ಮಾತ್ರ ಇದೆ, ಹೊತ್ತು ಮುಳುಗುವುದರೊಳಗೆ ಬೇರು ತೇಯ್ದು ಕುಡಿಸಬೇಕು ಅಂದರು. ನಡೆದು ಹೋಗಿ ಬರುವುದಕ್ಕೆ ಒಂದು ಹಗಲು ಪೂರ್ತಿ ಬೇಕು. ಕುದುರೆ ಮೇಲಾದರೆ ಮಧ್ಯಾಹ್ನಕ್ಕೆ ವಾಪಸ್.

ಚಿಕ್ಕತಾಯಿ ಆಗಲೇ ಲಂಗ ಎತ್ತಿ ಕಟ್ಟಿದ್ದಳು. "ಮಾವ, ನಾನು ಹೋಗ್ತೀನಿ. ಊಟದ ಹೊತ್ತಿಗೆ ಬಂದುಬಿಡ್ತೀನಿ."

"ನಾನೂ ಅದನ್ನೇ ಹೇಳೋಳಿದ್ದೆ. ಇವಳು ಹತ್ತಲಿ," ಅಂದಿತು ಕುದುರೆ.

ಕೆಂಚಯ್ಯ ಇಬ್ಬರನ್ನೂ ನೋಡಿದ. ಸುತ್ತ ಊರೇ ನಿಂತಿತ್ತು.

"ನನ್ನ ಹೆಂಡ್ತಿ," ಅಂದ. "ನಾನೇ ಹೋಗ್ತೀನಿ."

"ಮಾವ, ನಿಮಗೆ ಕೂರಕ್ಕೆ ಬರಲ್ಲ."

"ನೀನು ನನಗೆ ಹೇಳ್ಬೇಡ. ಗೇಣುದ್ದ ಇದೀಯ. ಸರಿ ಆಚೆ."

ಸುತ್ತ ನಿಂತವರಲ್ಲಿ ಒಬ್ಬರಾದರೂ ಅವನ ರಟ್ಟೆ ಹಿಡಿದು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಆ ಊರಿನವರ ಮೇಲೂ ನನಗೆ ಸಿಟ್ಟಿದೆ.

ಹತ್ತಿದ. ಕುದುರೆ ನಾಲ್ಕು ಹೆಜ್ಜೆ ಇಟ್ಟಿತು, ಬಿದ್ದ. ಮತ್ತೆ ಹತ್ತಿದ. ಎಂಟು ಹೆಜ್ಜೆಗೆ ಬಿದ್ದ. ಮೂರನೇ ಸಲ ಬೇಲಿಯ ಮೇಲಿದ್ದ ಕಾಡುಬಳ್ಳಿ ಕಿತ್ತ. ಗಟ್ಟಿ ಬಳ್ಳಿ, ಒರಟು ಬಳ್ಳಿ. ಕುದುರೆಯ ಬಾಯಿ ಬಿಡಿಸಿ ಅಡ್ಡಲಾಗಿ ತೂರಿಸಿ, ಎರಡು ತುದಿ ಎರಡು ಕೈಯಲ್ಲಿ ಸುತ್ತಿಕೊಂಡ.

"ಇದೇನು?" ಅಂದಿತು ಕುದುರೆ. ಬಾಯಲ್ಲಿ ಬಳ್ಳಿ ಇದ್ದದ್ದಕ್ಕೆ ಮಾತು ತೊದಲಿತು.

"ಹಿಡ್ಕೊಳ್ಳೋಕೆ."

ಹೊರಟರು.

ಕೂರಲು ಬರದವನು ಏನು ಮಾಡುತ್ತಾನೆ? ಜೋತು ಬೀಳುತ್ತಾನೆ. ಕೆಂಚಯ್ಯ ಎಡಕ್ಕೆ ವಾಲಿದಾಗೆಲ್ಲ ಬಳ್ಳಿ ಹಿಡಿದು ಎಳೆದ. ಬಲಕ್ಕೆ ವಾಲಿದಾಗೆಲ್ಲ ಎಳೆದ. ಅವನ ಭಾರವೆಲ್ಲ ಕುದುರೆಯ ಬಾಯ ಮೇಲೆ ಬಿತ್ತು. ಹೊಟ್ಟೆಗೆ ಹಿಮ್ಮಡಿ ಒದೆಯುತ್ತಾ "ಓಡು, ಓಡು" ಅಂದ.

"ನಿನ್ನ ಕಾಲು ಓಡು ಅನ್ನುತ್ತೆ," ಅಂದಿತು ಕುದುರೆ. "ನಿನ್ನ ಕೈ ನಿಲ್ಲು ಅನ್ನುತ್ತೆ. ನಾನು ಯಾರ ಮಾತು ಕೇಳಲಿ?"

"ನನ್ನ ಮಾತು ಕೇಳು!"

"ಎರಡೂ ನೀನೇ ಅಲ್ಲವಾ?"

ಹೊಳೆಯ ನಡುವೆ ನೀರು ಎದೆಮಟ್ಟ ಬಂತು. ಅವನು ಹೆದರಿ ಇನ್ನೂ ಎಳೆದ. ಕುದುರೆ ಕತ್ತು ಮೇಲೆತ್ತಿ ನಿಂತುಬಿಟ್ಟಿತು. "ಕೈ ಬಿಡಪ್ಪ," ಅಂದಿತು ಹೊಳೆ. "ನಾನೇ ದಾಟಿಸ್ತೀನಿ."

"ಬಿಟ್ಟರೆ ಬೀಳ್ತೀನಿ."

"ಬಿದ್ದರೆ ನೆನೀತೀಯ, ಅಷ್ಟೇ."

ಬಿಡಲಿಲ್ಲ.

ಮೂರನೇ ಗುಡ್ಡ ಸೇರಿದಾಗ ಹೊತ್ತು ನೆತ್ತಿ ದಾಟಿತ್ತು. ಅಜ್ಜಿ ಬೇರು ಕೊಟ್ಟಳು. ಕೊಡುತ್ತಾ ಕುದುರೆಯ ತುಟಿ ನೋಡಿದಳು. ಕೆಂಪಗೆ ನೊರೆ.

"ಈ ರಕ್ತ ಯಾರದು?"

"ಕುದುರೇದು."

"ವಾಪಸ್ ನಡ್ಕೊಂಡು ಹೋಗು. ಕುದುರೇನ ಸುಮ್ಮನೆ ಬಿಡು, ಬೇರು ಅದರ ಜುಟ್ಟಿಗೆ ಕಟ್ಟು. ಮನೆ ಅದಕ್ಕೆ ಗೊತ್ತು. ನೀನಿಲ್ಲದಿದ್ದರೆ ಅದು ಗಾಳಿ ಹಾಗೆ ಹೋಗುತ್ತೆ."

ಇನ್ನೂ ಹೊತ್ತಿತ್ತು. ಆ ಮಾತು ಕೇಳಿದ್ದರೆ ಸಾಕಿತ್ತು. ಆದರೆ ಅವನಿಗೆ ತನ್ನ ಕೈಯಾರೆ ಕೊಡಬೇಕು. ತಾನೇ ತಂದೆ ಅನ್ನಬೇಕು. ಬೇರು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಹತ್ತಿದ.

ಅವನ ಬಲಗೈ ಜೋರು, ಕಲ್ಲು ಎತ್ತಿದ ಕೈ. ಬಲಗಡೆ ಬಳ್ಳಿ ಬಿಗಿಯಾಯಿತು. ಕುದುರೆ ಬಲಕ್ಕೆ ತಿರುಗಿತು. ಬಲಕ್ಕೆ, ಮತ್ತೆ ಬಲಕ್ಕೆ. ಗುಡ್ಡದ ಮೇಲೆ ಸುತ್ತು ಹಾಕತೊಡಗಿತು. ಮನೆ ಇದ್ದದ್ದು ಎಡಕ್ಕೆ.

"ಯಾಕೆ ಸುತ್ತುತೀಯ, ಮುಂಡೇದೆ!"

"ನೀನು ಸುತ್ತಿಸ್ತಾ ಇದೀಯ," ಅಂದಿತು ಕುದುರೆ.

"ಕೈ ಸಡಿಲ ಮಾಡೋ!" ಅಂತ ಗಾಳಿ ಕೂಗಿತು. ಗಾಳಿ ಆ ದಿನ ಚುಚ್ಚಲಿಲ್ಲ. ಬೇಡಿಕೊಂಡಿತು. "ಕೆಂಚಯ್ಯ, ನಿನ್ನ ಕಾಲಿಗೆ ಬೀಳ್ತೀನಿ. ಸಡಿಲ ಮಾಡು. ನಾನೀಗ ನಿನ್ನ ಮನೆಯಿಂದ ಬಂದೆ. ಅವಳ ಉಸಿರು ಸಣ್ಣಗಾಗಿದೆ."

ಅದು ಕೇಳಿ ಅವನು ಎರಡು ಕೈಯಲ್ಲೂ ಬಳ್ಳಿ ಹಿಡಿದು ಇದ್ದ ಶಕ್ತಿಯೆಲ್ಲ ಹಾಕಿ ಜಗ್ಗಿದ.

ಲಟಕ್ ಅಂತು.

ಆ ಕಾಲದಲ್ಲಿ ಕುದುರೆಗೆ ಬಾಯಿ ತುಂಬ ಹಲ್ಲಿತ್ತು. ಮುಂದಿನಿಂದ ಹಿಂದಿನವರೆಗೆ ಸಂದಿಲ್ಲದ ಸಾಲು. ಆ ಸಾಲಿನ ನಡುವೆ, ಬಳ್ಳಿ ಕೂತ ಜಾಗದಲ್ಲಿ, ಎರಡೂ ಕಡೆಯ ಹಲ್ಲು ಮುರಿದು ಉದುರಿದವು. ಬಲಗಡೆಯ ಬಿಗಿ ಹೋಗಿ ಕುದುರೆ ಎಡಕ್ಕೆ, ಮನೆ ಕಡೆ ತಿರುಗಿತು. ಹೊಳೆ ದಾಟುವಾಗ ಉಳಿದ ಚೂರುಗಳೂ ನೀರಿಗೆ ಬಿದ್ದವು.

ದನ ಮನೆಗೆ ಬರುವ ಹೊತ್ತಿಗೆ ಅವನು ಬಾಗಿಲಿಗೆ ಬಂದ. ಬಾಗಿಲಲ್ಲಿ ಚಿಕ್ಕತಾಯಿ ನಿಂತಿದ್ದಳು. ಅವನು ಬೇರು ಮುಂದೆ ಚಾಚಿದ.

ಅವಳು ತೆಗೆದುಕೊಳ್ಳಲಿಲ್ಲ.

"ಈಗ ಹೋದ್ರು," ಅಂದಳು. "ಈಗ. ಕೊಟ್ಟಿಗೆಗೆ ಕೊನೇ ಹಸು ಬಂತಲ್ಲ, ಅದಕ್ಕೆ ಸ್ವಲ್ಪ ಮುಂಚೆ."

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಏನಾದ್ರೂ ಅಂದಳಾ?"

"ಯಾರು ಹೋಗಿದಾರೆ ಅಂತ ಕೇಳಿದ್ರು. ನೀವು ಅಂದೆ. ಅಯ್ಯೋ, ಅವರಿಗೆ ಕೂರಕ್ಕೆ ಬರಲ್ಲ ಕಣೇ, ಬಿದ್ದು ಸೊಂಟ ಮುರ್ಕೊಂಡಾರು ಅಂದ್ರು." ಚಿಕ್ಕತಾಯಿಗೆ ಅಳು ಬಂತು. ಸಿಟ್ಟು ಅಳುವಿಗಿಂತ ಜಾಸ್ತಿ ಬಂತು. "ನಿಮ್ಮ ಸೊಂಟದ ಚಿಂತೆ ಮಾಡಿದ್ರು ಮಾವ! ಅವರು ಸಾಯ್ತಾ ನಿಮ್ಮ ಸೊಂಟದ ಚಿಂತೆ ಮಾಡಿದ್ರು!"

ಕೆಂಚಯ್ಯ ಅಂಗಳಕ್ಕೆ ತಿರುಗಿದ. ಕುದುರೆ ತಲೆ ತಗ್ಗಿಸಿ ನಿಂತಿತ್ತು.

"ನಿನ್ನಿಂದ!" ಅಂತ ಕೂಗಿದ. "ನೀನು ಹೊಳೇಲಿ ನಿಂತೆ! ಗುಡ್ಡದಲ್ಲಿ ಸುತ್ತಿದೆ! ನೀನೇ ಕೊಂದೆ!"

ಹೆಂಡತಿ ಸತ್ತ ಅಂಗಳದಲ್ಲಿ ಗಂಡಸು ಹೀಗೇ ಕೂಗುತ್ತಾನೆ. ಯಾರ ಮೇಲಾದರೂ ಹಾಕಬೇಕಲ್ಲ. ಅದು ನನಗೆ ಗೊತ್ತು. ಗೊತ್ತಿದ್ದರೂ ಅವನನ್ನು ನಾನು ಮನ್ನಿಸುವುದಿಲ್ಲ.

ಕುದುರೆ ತಿರುಗಿ ಬೈಯಲಿಲ್ಲ. ಹತ್ತಿರ ಬಂದು ಬಾಯಿ ಅಗಲಿಸಿ ತೋರಿಸಿತು. ಅವನು ನೋಡಿದ. ತನ್ನ ಎರಡು ಕೈ ನೋಡಿಕೊಂಡ. ಬೆರಳಿಗೆ ಬಳ್ಳಿ ಇನ್ನೂ ಸುತ್ತಿತ್ತು. ಬಿಚ್ಚಲು ಹೋದ, ಬೆರಳು ಬಗ್ಗಲಿಲ್ಲ. ಚಿಕ್ಕತಾಯಿ ಬಂದು ಒಂದೊಂದೇ ಸುತ್ತು ಬಿಚ್ಚಿದಳು. ಮೆಲ್ಲಗೆ ಬಿಚ್ಚಲಿಲ್ಲ, ಕಿತ್ತಳು.

ಈರಕ್ಕನನ್ನು ಮಣ್ಣು ಮಾಡಿದ ಮೇಲೆ ಭೂಮಿ ಮಾತಾಡಿತು. ಭೂಮಿ ಅಪರೂಪಕ್ಕೆ ಮಾತಾಡುವುದು.

"ಕುದುರೆ, ನಿನ್ನ ಬಾಯಿ ಇಲ್ಲಿಡು. ನಾನು ಹುಲ್ಲು ಹುಟ್ಟಿಸ್ತೀನಿ, ಮರ ಹುಟ್ಟಿಸ್ತೀನಿ. ನಾಲ್ಕು ಹಲ್ಲು ಹುಟ್ಟಿಸೋದು ಎಷ್ಟರ ಕೆಲಸ?"

"ಬೇಡ," ಅಂದಿತು ಕುದುರೆ.

"ನೋಯುತ್ತಲ್ಲೇ?"

"ನೋಯುತ್ತೆ. ನೀನು ಹಲ್ಲು ಕೊಟ್ಟರೆ ಇವರು ಮರೀತಾರೆ. ನಾಳೆ ಇನ್ನೊಬ್ಬ ಬರ್ತಾನೆ, ಬಳ್ಳಿ ಬಿಟ್ಟು ಕಬ್ಬಿಣ ತರ್ತಾನೆ. ನಾನು ಅವಳಿಗೆ ಬೆನ್ನು ಕೊಟ್ಟಿದೀನಿ, ಕೊಟ್ಟಿದ್ದು ವಾಪಸ್ ತಗೊಳ್ಳಲ್ಲ. ಆದರೆ ಈ ಜಾಗ ಖಾಲಿ ಇರಲಿ. ನನ್ನ ಮಕ್ಕಳಿಗೂ ಖಾಲಿ ಇರಲಿ. ನನ್ನ ಬಾಯಿಗೆ ಕೈ ಹಾಕೋ ಮನುಷ್ಯನ ಬೆರಳಿಗೆ ಮೊದಲು ಇದೇ ಸಿಗಲಿ."

ಭೂಮಿ ಒಪ್ಪಿಕೊಂಡಿತು.

ಕೆಂಚಯ್ಯ ಆಮೇಲೆ ಕಲಿತ. ಚಿಕ್ಕತಾಯಿ ಕಲಿಸಿದಳು. ಎದೆ ಮೇಲೆ ಕೈ ಕಟ್ಟಿಕೊಂಡು, ಮಕ್ಕಳ ಎದುರಿಗೇ, ಎಷ್ಟೋ ಸಲ ಬಿದ್ದು ಕಲಿತ. ಬಿದ್ದರೆ ಸಾಯೋದಿಲ್ಲ ಅಂತ ಆಗ ಗೊತ್ತಾಯಿತು ಅವನಿಗೆ. ಒಂದು ತಿಂಗಳು ಹಿಡಿಯಿತು, ಅಷ್ಟೇ. ಒಂದು ತಿಂಗಳು. ಚೆನ್ನಾಗಿಯೇ ಕೂರುತ್ತಿದ್ದ ಅಂತಾರೆ. ಏನು ಬಂತು? ಯಾರಿಗೆ ಬೇರು ತರೋದಿತ್ತು?

ಅದಕ್ಕೇ ಇವತ್ತೂ ಯಾವ ಕುದುರೆಗೇ ಆಗಲಿ ಕಡಿವಾಣ ಹಾಕುವಾಗ ಅದರ ಬಾಯಿಯ ಮೂಲೆಯಲ್ಲಿ ಹೆಬ್ಬೆರಳು ಇಟ್ಟು ನೋಡು: ಮುಂದಿನ ಹಲ್ಲು ಮುಗಿದು ಹಿಂದಿನ ಹಲ್ಲು ಶುರುವಾಗುವುದಕ್ಕೆ ಮುಂಚೆ ನಾಲ್ಕು ಬೆರಳಗಲ ಏನೂ ಇಲ್ಲ, ಬರೀ ಮೆತ್ತನೆ ವಸಡು, ಕಬ್ಬಿಣ ಹೋಗಿ ಕೂರುವುದು ಅಲ್ಲೇ.