ಮಲ್ಲಿಗೆ ಮಾಲೆಯ ಹಂದಿ ಹುಂಡಿ

ದೇವೀರಕ್ಕ ಅಂತ ಒಬ್ಬರು ಮಡಕೆ ಮಾಡೋರು ಇದ್ರು. ಅವರ ಹಿತ್ತಲಿಗೆ ಮಕ್ಕಳು ಓಡೋಡಿ ಹೋಗ್ತಿದ್ದಿದ್ದು ಮಾತ್ರ ಮಡಕೆಗಲ್ಲ, ಹುಂಡಿಗೆ! ಕಾಸು ಹಾಕೋ ಹುಂಡಿ, ಅದೂ ಹಂದಿ ಆಕಾರದ್ದು. ದಪ್ಪ ಹೊಟ್ಟೆ, ಮೋಟು ಕಾಲು, ಸುರುಳಿ ಬಾಲ. ಭಾನುವಾರ ಬಂದ್ರೆ ಸಾಕು, ಮಕ್ಕಳು ಸಾಲಾಗಿ ಕೂತು ಹಸಿ ಮಣ್ಣಲ್ಲಿ ಹಂದಿ ಮಾಡೋರು. ಅದು ಒಣಗಿದ ಮೇಲೆ ಬಣ್ಣ ಬಳಿದು, ಹೊಳಪಿನ ನೀರು ಹಚ್ಚಿ ಕೊಡೋರು. ದೇವೀರಕ್ಕ ಅದನ್ನ ಆವಿಗೇಲಿ, ಅಂದ್ರೆ ಮಡಕೆ ಸುಡೋ ಗೂಡಲ್ಲಿ, ಜೋಡಿಸಿ ಸುಡೋರು. ಆಚೆ ಬಂದಾಗ ನೋಡ್ಬೇಕು, ಪಿಂಗಾಣಿ ಬಟ್ಟಲಿನ ಥರ ಫಳಫಳ ಅಂತ ಹೊಳೀತಿತ್ತು.

ಎಲ್ಲರಿಗಿಂತ ಚೆನ್ನಾಗಿ ಬಣ್ಣ ಹಾಕೋಳು ಇಂಚರ. ಅವಳಜ್ಜಿ ಮೊದಲು, ಮನೆಯೊಳಗೆ ಹಂದಿ ತರ್ತೀಯೇನೇ ಅಂತ ರೇಗಿದ್ರು. ಇದು ಕೊಚ್ಚೇಲಿ ಹೊರಳಲ್ಲ ಅಜ್ಜಿ, ಬೀರು ಮೇಲೆ ಕೂತ್ಕೊಂಡು ಕಾಸು ತಿನ್ನುತ್ತೆ ಅಷ್ಟೆ ಅಂತ ಅವಳು ಅಂದಿದ್ದಕ್ಕೆ ಅಜ್ಜೀನೇ ನಕ್ಕುಬಿಟ್ರು.

ಆ ಸಲ ಇಂಚರ ತನ್ನ ಹಂದಿಗೆ ಮಲ್ಲಿಗೆ ಮಾಲೆ ಬರೆದಿದ್ಲು. ಕತ್ತಿಂದ ಹಿಡಿದು ಬೆನ್ನ ಮೇಲೆ ಹಾದು ಬಾಲದವರೆಗೂ! ಒಂದೊಂದು ಮೊಗ್ಗೂ ಬೇರೆ ಬೇರೆ. ಆದ್ರೆ ಕಾಸು ಹಾಕೋ ಸೀಳು ಇರೋದೂ ಬೆನ್ನ ಮೇಲೇ ಅಲ್ವಾ? ಅದು ಸರಿಯಾಗಿ ಮಾಲೆ ನಡುವೆ ಬಂದು, ಮಾಲೆ ಹರಿದುಹೋದ ಹಾಗೆ ಕಾಣ್ತಿತ್ತು. ಎಲ್ಲಕ್ಕಿಂತ ಚೆಂದದ ಹುಂಡೀನ ದೇವೀರಕ್ಕ ಬಸ್ ಸ್ಟ್ಯಾಂಡ್ ಎದುರಿನ ತಮ್ಮ ಅಂಗಡಿಯ ಗಾಜಿನ ಕಪಾಟಲ್ಲಿ ದೀಪಾವಳಿ ಮುಗಿಯೋವರೆಗೂ ಇಡ್ತಿದ್ರು. ಇಂಚರಂಗೆ ಕಣ್ಣೆಲ್ಲಾ ಆ ಕಪಾಟಿನ ಮೇಲೆ.

ಅವಳ ಪಕ್ಕದಲ್ಲೇ ಕೂರ್ತಿದ್ದೋಳು ತಸ್ಲೀಮಾ, ಅವಳ ಗೆಳತಿ. ತಸ್ಲೀಮಾಗೆ ಬಣ್ಣ ಹಾಕೋಕೆ ಅಷ್ಟಾಗಿ ಬರ್ತಿರ್ಲಿಲ್ಲ. ಹಂದಿ ಹೊಟ್ಟೆ ಮೇಲೆ ಒಂದು ಬೆಕ್ಕು ಬರೆದಿದ್ಲು, ಅಷ್ಟೇ. ಅವಳು ಸಾಕಿದ್ದ ಬೆಕ್ಕು, ಕಾಯಿಲೆ ಬಂದು ಸತ್ತುಹೋಗಿತ್ತು ಪಾಪ. ಹುಂಡಿ ತುಂಬಿದ ಮೇಲೆ ಇನ್ನೊಂದು ಮರಿ ತಂದು, ಅದಕ್ಕೆ ಮೊದಲು ಇಂಜೆಕ್ಷನ್ ಹಾಕಿಸ್ತೀನಿ ಅಂತಿದ್ಲು. ಕಪಾಟು ಗಿಪಾಟು ಅವಳಿಗೆ ಬೇಕೇ ಇರ್ಲಿಲ್ಲ.

ಆವಿಗೆಗೆ ಇಡೋ ಮುಂಚೆ ದೇವೀರಕ್ಕ ತಪ್ಪದೇ ಒಂದು ಕೆಲಸ ಮಾಡೋರು. ದಾರ ಕಟ್ಟಿದ ಒಂದು ದಪ್ಪ ನಾಣ್ಯಾನ ಪ್ರತಿ ಹುಂಡಿಯ ಸೀಳಲ್ಲೂ ಇಳಿಸಿ ಎಳೆಯೋರು. ಸಲೀಸಾಗಿ ಹೋಗಿ ಬಂದ್ರೆ ಪಾಸು! ಆ ದಿನ ಸಾಯಂಕಾಲಾನೂ ಎಲ್ಲಾ ಹುಂಡಿಗೂ ನಾಣ್ಯ ಇಳಿಸಿ ನೋಡಿದ್ರು. ಎಲ್ಲಾ ಪಾಸು. ಮಕ್ಕಳು ಮನೆಗೆ ಹೊರಟ್ರು.

ಇಂಚರ ಅರ್ಧ ದಾರಿಯಿಂದ, ಟಿಫಿನ್ ಡಬ್ಬಿ ಮರೆತೆ ಅಂತ ವಾಪಸ್ ಓಡಿ ಬಂದ್ಲು. ಡಬ್ಬಿ ಅವಳ ಬ್ಯಾಗಲ್ಲೇ ಇತ್ತು! ಹಿತ್ತಲಲ್ಲಿ ಯಾರೂ ಇಲ್ಲ. ಒಂದು ಚಿಟಿಕೆ ಹಸಿ ಮಣ್ಣು ತಗೊಂಡ್ಲು, ತನ್ನ ಹಂದಿಯ ಸೀಳಿಗೆ ಮೆತ್ತಿದ್ಲು, ಬೆರಳಲ್ಲಿ ಸವರಿದ್ಲು, ಅದರ ಮೇಲೆ ನಾಲ್ಕು ಮೊಗ್ಗು ಬರೆದು ಹೊಳಪಿನ ನೀರನ್ನೂ ಬಳಿದುಬಿಟ್ಲು. ಮಾಲೆ ಕೂಡ್ಕೊಳ್ತು. ಕಪಾಟಿಂದ ಇಳಿದು ಬಂದ ಮೇಲೆ ಚಾಕೂಲಿ ಕೊಯ್ದ್ರಾಯ್ತು ಅಂತ ಅವಳ ಲೆಕ್ಕ. ಸುಟ್ಟ ಮಣ್ಣು ಚಾಕೂಗೆ ಬಗ್ಗುತ್ತಾ? ಅದನ್ನ ಅವಳು ಯೋಚನೇನೇ ಮಾಡ್ಲಿಲ್ಲ.

ಮಾರನೇ ದಿನ ದೇವೀರಕ್ಕ ಗೆಳತಿಯರ ಹಂದಿ ಅಂತ ಇಂಚರಂದು, ತಸ್ಲೀಮಾದು ಎರಡನ್ನೂ ಪಕ್ಕಪಕ್ಕದಲ್ಲೇ ಇಟ್ಟು ಬೆಂಕಿ ಹಾಕಿದ್ರು. ನಾಣ್ಯ ಹಿಂದಿನ ದಿನವೇ ಇಳಿಸಿದ್ರಲ್ಲ, ಸೀಳನ್ನ ಮತ್ತೆ ನೋಡೋಕೆ ಹೋಗ್ಲಿಲ್ಲ. ಸ್ವಲ್ಪ ಹೊತ್ತಿಗೆ ಆವಿಗೆ ಒಳಗೆ ಟಪ್ ಅಂತು. ದೇವೀರಕ್ಕನ ಮುಖ ಸಪ್ಪಗಾಯ್ತು. ಆದ್ರೆ ಉರೀತಿರೋ ಆವಿಗೆ ತೆಗೆಯೋ ಹಾಗಿಲ್ಲ, ಏನ್ ಮಾಡ್ತಾರೆ?

ಆವಿಗೆ ಆರಿದ ಮೇಲೆ ಮಕ್ಕಳೆಲ್ಲಾ ಸುತ್ತ ನಿಂತ್ರು. ತೆಗೆದು ನೋಡಿದ್ರೆ ಇಂಚರನ ಹಂದಿ ಪುಡಿಪುಡಿ! ಬೆನ್ನು ಯಾವುದು ಹೊಟ್ಟೆ ಯಾವುದು ಗೊತ್ತಾಗ್ತಿರ್ಲಿಲ್ಲ. ಅದು ಸಿಡಿದ ರಭಸಕ್ಕೆ ತಸ್ಲೀಮಾ ಹಂದಿಯ ಹೊಟ್ಟೆ ತೂತು ಬಿದ್ದಿತ್ತು. ಬೆಕ್ಕು ಇದ್ದ ಕಡೇನೇ. ಬಾಲದ ತುದಿ ಒಂದು ಉಳಿದಿತ್ತು.

ದೇವೀರಕ್ಕ ಚೂರುಗಳನ್ನ ಕೈಯಲ್ಲಿ ಹಿಡ್ಕೊಂಡು ತುಂಬಾ ಹೊತ್ತು ನೋಡಿದ್ರು. ಒಳಗಿನ ತೇವ ಬಿಸಿಯಾಗಿ ಹೊರಗೆ ಹೋಗೋಕೆ ಆ ಸೀಳೇ ದಾರಿ, ಸೀಳು ಚೆನ್ನಾಗೇ ಇತ್ತು, ನಾನೇ ನಾಣ್ಯ ಇಳಿಸಿ ನೋಡಿದೀನಿ ಅಂದ್ರು. ಹಾಗಿದ್ರೆ ತಪ್ಪು ಮಣ್ಣಿಂದೇ. ಈ ಸಲ ಕೆರೆಯ ಇನ್ನೊಂದು ಕಡೆಯಿಂದ ತಂದಿದ್ರು, ದೇವೀರಕ್ಕ, ಅವರ ಗಂಡ ಇಬ್ರೂ ಹೊತ್ತು ತಂದು, ತುಳಿದು ತುಳಿದು ಹದ ಮಾಡಿದ್ರು. ಇಂಥಾ ಮಣ್ಣನ್ನ ಮಕ್ಕಳ ಕೈಗೆ ಕೊಡಲ್ಲ ಅಂತ ಹೇಳಿ, ಉಳಿದಿದ್ದನ್ನೆಲ್ಲಾ ಬುಟ್ಟಿ ತುಂಬಿ ರಸ್ತೆ ಪಕ್ಕದ ಜಲ್ಲಿ ಗುಂಡಿಗೆ ಸುರಿಯೋಕೆ ಶುರು ಮಾಡಿದ್ರು. ಹೊಸ ಮಣ್ಣು ಸಿಗೋವರೆಗೂ ಭಾನುವಾರದ ಹುಂಡಿ ಕೆಲಸಾನೂ ಇಲ್ಲ ಅಂದ್ರು.

ಮಕ್ಕಳೂ ಒಂದೊಂದು ಬುಟ್ಟಿ ಎತ್ಕೊಂಡ್ರು. ಇಂಚರನೂ ಎತ್ಕೊಂಡ್ಲು! ಅವಳಿಗೆ ಎಲ್ಲಾ ಗೊತ್ತು. ಆದ್ರೂ ಹೋಗಿ ಸುರಿದು ಬಂದ್ಲು. ಮತ್ತೆ ತುಂಬಿಸ್ಕೊಂಡ್ಲು. ಈಗ ಹೇಳ್ತೀನಿ, ಈಗ ಹೇಳ್ತೀನಿ ಅಂತ ಮನಸ್ಸಲ್ಲೇ ಅಂದ್ಕೊಳ್ತಾ ಇನ್ನೊಂದು ಸಲ ಸುರಿದ್ಲು. ಹೇಳೋದು ಪ್ರತಿ ಬುಟ್ಟಿಗೂ ಇನ್ನಷ್ಟು ಕಷ್ಟ ಆಗ್ತಾ ಹೋಯ್ತು.

ಆಗ ತಸ್ಲೀಮಾ ಬಂದು ಅವಳ ಬುಟ್ಟಿಯ ಇನ್ನೊಂದು ಕಡೆ ಹಿಡ್ಕೊಂಡ್ಲು.

"ನಿಂದು ಪೂರ್ತಿ ಹೋಯ್ತಲ್ಲೇ ಪಾಪ. ನಂದು ಬರೀ ಹೊಟ್ಟೆ. ನಮ್ಮಣ್ಣನ ಹತ್ರ ಅಂಟು ಹಾಕಿಸ್ತೀನಿ, ಇಬ್ರೂ ಅದ್ರಲ್ಲೇ ಕಾಸು ಹಾಕೋಣ."

ಇಂಚರ ಬುಟ್ಟಿ ಕೆಳಗೆ ಬಿಟ್ಟುಬಿಟ್ಲು.

"ಮಣ್ಣು ಸರಿಯಾಗೇ ಇದೆ ದೇವೀರಕ್ಕ. ಸೀಳು ಮುಚ್ಚಿದ್ದು ನಾನು."

ಎಲ್ಲರೂ ನಿಂತಲ್ಲೇ ನಿಂತ್ರು. ಇಂಚರ ಡಬ್ಬಿ ಸುಳ್ಳಿಂದ ಹಿಡಿದು ಎಲ್ಲಾ ಒಂದೇ ಉಸಿರಿಗೆ ಹೇಳಿಬಿಟ್ಲು. ದೇವೀರಕ್ಕ ಬೈಲಿಲ್ಲ. ಜಲ್ಲಿ ಗುಂಡಿ ಕಡೆ ನೋಡಿ ಮೆತ್ತಗೆ ಅಂದ್ರು:

"ಚೆಲ್ಲಿದ್ದು ನೀನೊಬ್ಳೇ ಅಲ್ಲ ಮಗಾ, ಎಲ್ಲರೂ ಚೆಲ್ಲಿದ್ವಿ. ಆದ್ರೆ ಸುಮ್‌ಸುಮ್ನೆ ಚೆಲ್ತಿದೀವಿ ಅಂತ ಗೊತ್ತಿದ್ದಿದ್ದು ನಿಂಗೊಬ್ಳಿಗೇ."

ಬೈದಿದ್ರೇ ವಾಸಿ ಇತ್ತು ಅನ್ನಿಸ್ತು ಇಂಚರಂಗೆ. ತಸ್ಲೀಮಾ ತೂತು ಬಿದ್ದ ಹಂದೀನ ಎದೆಗೆ ಅವಚ್ಕೊಂಡು ದೂರ ಹೋಗಿ, ಬೇಲಿ ಹತ್ರ ಬೆನ್ನು ತಿರುಗಿಸಿ ಕೂತ್ಲು.

ಉಳಿದ ಮಕ್ಕಳು ಮನೆಗೆ ಹೋದ್ರು. ಇಂಚರ ಯಾರೂ ಹೇಳದೇನೇ ಗುಂಡಿಯಿಂದ ಮಣ್ಣನ್ನ ವಾಪಸ್ ಹೊತ್ತು ತಂದು, ಗೋಣಿಚೀಲದ ಮೇಲೆ ಹರಡಿಕೊಂಡು ಅದಕ್ಕೆ ಅಂಟಿದ ಜಲ್ಲಿ ಆರಿಸೋಕೆ ಕೂತ್ಲು. ಸಣ್ಣ ಸಣ್ಣ ಕಲ್ಲು. ಆರಿಸಿದಷ್ಟೂ ಇದೆ. ಮೊದಲ್ನೇ ಬುಟ್ಟಿಗೇ ಹೇಳಿದ್ರೆ ಇಷ್ಟು ಇರ್ತಿರ್ಲಿಲ್ಲ ಅಂತ ಅವಳಿಗೇ ಗೊತ್ತಾಗ್ತಿತ್ತು. ಉಗುರೆಲ್ಲಾ ಉರೀತಿತ್ತು, ಆದ್ರೂ ಏಳ್ಲಿಲ್ಲ.

ಬಿಸಿಲು ಇಳಿಯೋ ಹೊತ್ತಿಗೆ ಗೋಣಿಚೀಲದ ಆಚೆ ಕಡೆ ಯಾರೋ ಬಂದು ಕೂತ ಹಾಗಾಯ್ತು. ತಲೆ ಎತ್ತಿ ನೋಡಿದ್ರೆ ತಸ್ಲೀಮಾ! ಅವಳು ಇಂಚರನ ಮುಖ ನೋಡ್ಲಿಲ್ಲ. ಒಂದು ಮುದ್ದೆ ಮಣ್ಣು ತನ್ನ ಕಡೆ ಎಳ್ಕೊಂಡು ಕಲ್ಲು ಆರಿಸೋಕೆ ಶುರು ಮಾಡಿದ್ಲು.

ಆಮೇಲೆ ತಸ್ಲೀಮಾ ಮಣ್ಣು ನೋಡ್ತಾನೇ ಅಂದ್ಲು, "ನಿನ್ನ ಮುಂದಿನ ಹಂದಿಗೆ ಸೀಳು ನಾನು ಕೊಯ್ಯೋದು."

"ಹೂಂ" ಅಂದ್ಲು ಇಂಚರ.

ನೀತಿ: ತಪ್ಪನ್ನ ಎಷ್ಟೇ ಚೆಂದವಾಗಿ ಮುಚ್ಚಿಟ್ರೂ ಅದು ಒಳಗೇ ಕಾಯ್ತಾ ಇರುತ್ತೆ. ಸಿಡಿದಾಗ ನಮ್ಮನ್ನಷ್ಟೇ ಅಲ್ಲ, ನಮ್ಮನ್ನ ನಂಬಿ ಪಕ್ಕದಲ್ಲಿ ಇರೋರನ್ನೂ ಒಡೆಯುತ್ತೆ. ಅದಕ್ಕೇ ಹೇಳಬೇಕಾದ್ದನ್ನ ಬೇಗ ಹೇಳಿಬಿಡಿ. ತಡವಾಗಿ ಹೇಳಿದ್ರೂ ಒಳ್ಳೇದೇ, ಆದ್ರೆ ಆರಿಸೋ ಕಲ್ಲು ಜಾಸ್ತಿ ಆಗಿರುತ್ತೆ.