ಎಮ್ಮೆ ಸಾಕಿದ ಕುರಿನಾಯಿ

ಇನ್ನೂರು ಕುರಿಗಳ ಮಂದೆಯನ್ನು ಒಂದೇ ನಾಯಿ ನಡೆಸುವುದನ್ನು ಕಂಡು, ಹೊಂಡದಲ್ಲಿ ಮಲಗಿದ್ದ ಎಮ್ಮೆಗೆ ತಾನೂ ಆ ನಾಯಿಯನ್ನು ಇಟ್ಟುಕೊಳ್ಳಬೇಕೆನ್ನಿಸಿತು.

“ಬೇಡ ತಾಯಿ,” ಎಂದಿತು ಮುದಿ ಕುರಿ. “ಅವನ ಓಟಕ್ಕೆ ನಾವು ಇನ್ನೂರು ಜನವೇ ಸಾಲುವುದಿಲ್ಲ. ನೀವು ಒಬ್ಬರೇ.”

“ಒಬ್ಬಳೇ ಆದರೆ ಅವನಿಗೂ ಆರಾಮ, ನನಗೂ ಗೌರವ,” ಎಂದು ಎಮ್ಮೆ ನಾಯಿಯನ್ನು ಮನೆಗೆ ಕರೆತಂದಿತು.

ನಾಯಿ ಅಂಗಳದಲ್ಲಿ ನಿಂತು ಎಣಿಸಿತು. ಒಂದು. ಇನ್ನೊಮ್ಮೆ ಎಣಿಸಿದರೂ ಒಂದೇ.

“ಹಾಗಾದರೆ ಅಕ್ಕ, ನಿಮ್ಮೊಬ್ಬರನ್ನೇ ಇನ್ನೂರು ಸಲ ನಡೆಸುತ್ತೇನೆ,” ಎಂದು ಎಮ್ಮೆಯನ್ನು ತುಳಸಿಕಟ್ಟೆಯ ಸುತ್ತ ಅಟ್ಟತೊಡಗಿತು. ಭಗವಂತನ ದಯೆಯಿಂದ ಪ್ರದಕ್ಷಿಣೆಯ ಪುಣ್ಯವೇನೋ ಬಂತು. ಮೆಲುಕು ಹಾಕಲು ಮಾತ್ರ ಬಿಡುವಾಗಲಿಲ್ಲ.

ಸಂಜೆ ಎಮ್ಮೆ ಹೊಂಡದ ಕಡೆ ಮುಖ ಮಾಡಿದಾಗ ನಾಯಿ ವಿನಯದಿಂದ ಅಡ್ಡ ಬಂತು. “ನಮ್ಮ ಮನೆಯವಳು ಆರು ಮರಿ ಹಾಕಿದ್ದಾಳೆ, ಅಕ್ಕ. ಆರೂ ನನ್ನ ಹಾಗೆಯೇ. ನಾಳೆ ಕರೆತರಲೇ?”

ಅಟ್ಟದೆ ಎಂದೂ ಹೆಜ್ಜೆ ಎತ್ತದಿದ್ದ ಎಮ್ಮೆ, ಈಗ ತಾನಾಗಿಯೇ ಮಂದೆಯ ಕಡೆಗೆ ಓಟ ಕಿತ್ತಿತು. ನಾಯಿಯೂ ಹಿಂದೆಯೇ ಓಡಿತು.

“ತಗೊಳ್ಳಿ, ನಿಮ್ಮ ನಾಯಿ ನಿಮಗೇ ಇರಲಿ,” ಎಂದು ಎಮ್ಮೆ ಏದುಸಿರು ಬಿಡುತ್ತ ಕುರಿಗಳ ನಡುವೆ ಕುಸಿದು ಕುಳಿತಿತು.

ನಾಯಿ ಮಂದೆಯ ಸುತ್ತ ಒಂದು ಸುತ್ತು ಬಂದು ನಿಧಾನವಾಗಿ ಎಣಿಸಿತು.

“ಇನ್ನೂರ ಒಂದು,” ಎಂದು ತೃಪ್ತಿಯಿಂದ ಬಾಲ ಆಡಿಸಿತು.