ಗರಿ ಹೇಳಿದ ಹೊಲ

ಹೊಳೆದಂಡೆಯ ಆಶ್ರಮದಲ್ಲಿ ಮರುಳಯ್ಯನವರೆಂಬ ಗುರುಗಳಿದ್ದರು. ಅವರ ಬಳಿ ಸಾಂಬಶಿವನೆಂಬ ಶಿಷ್ಯನಿದ್ದ. ಆಶ್ರಮ ಸೇರುವ ಮುಂಚೆ ಅವನು ಪಟ್ಟಣದಲ್ಲಿ ರಸಾಯನಶಾಸ್ತ್ರ ಓದಿದ್ದ.

ಆ ಮಳೆಗಾಲ ಆಶ್ರಮದ ಹುಣಸೆಮರಗಳಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿದ್ದವು. ಮರಿಗಳಿಗೆ ಗರಿ ಬಲಿಯುವ ಹೊತ್ತಿಗೆ ಒಂದೊಂದಾಗಿ ಕೆಳಗೆ ಬಿದ್ದು ಸಾಯತೊಡಗಿದವು. ಬೆಳಗ್ಗೆ ಅಂಗಳ ಗುಡಿಸಲು ಹೋದರೆ ಪೊರಕೆಗೆ ಮರಿಗಳು ಸಿಗುತ್ತಿದ್ದವು.

ಸಾಂಬಶಿವ ಒಂದೆರಡನ್ನು ಪಟ್ಟಣದ ಗೆಳೆಯನ ಪ್ರಯೋಗಾಲಯಕ್ಕೆ ಕಳಿಸಿದ. ಅವುಗಳ ಮೈಯಲ್ಲಿ ಪೈರಿಗೆ ಹೊಡೆಯುವ ಔಷಧಿ ಇದೆ ಎಂದು ತಿಳಿದುಬಂತು.

ಯಾರ ಔಷಧಿ ಎಂದು ಅವನು ಯೋಚಿಸಲೇ ಇಲ್ಲ. ಆಚೆ ದಡದಲ್ಲಿ ಯಮನಪ್ಪನೆಂಬ ರೈತನ ಭತ್ತದ ಗದ್ದೆಯಿತ್ತು. ಬೆಳ್ಳಕ್ಕಿಗಳು ಆ ಕಡೆ ಹಾರುವುದನ್ನು ಸಾಂಬಶಿವ ಕಂಡಿದ್ದ. ಊರವರು ಪ್ರವಚನಕ್ಕೆ ಸೇರಿದ್ದಾಗ, ಮರಿಗಳನ್ನು ಕೊಂದದ್ದು ಯಮನಪ್ಪನ ಔಷಧಿ ಎಂದು ಎಲ್ಲರೆದುರು ಹೇಳಿಬಿಟ್ಟ. ಯಮನಪ್ಪ ತಲೆ ತಗ್ಗಿಸಿ ಎದ್ದು ಹೋದ.

ಜನ ಚದುರಿದ ಮೇಲೆ ಗುರುಗಳು ಕೇಳಿದರು. "ಅವನ ಗದ್ದೆಯೇ ಎಂದು ಹೇಗೆ ತಿಳಿಯಿತು?"

"ತಿಳಿಯುವ ದಾರಿ ಇದೆ, ಗುರುಗಳೇ. ಗರಿಯನ್ನು ಪರೀಕ್ಷಿಸಿದರೆ ಗೊತ್ತಾಗುತ್ತದೆ."

"ಪರೀಕ್ಷಿಸಿದೆಯಾ?"

"ಇಲ್ಲ."

"ಹೇಳಿದ್ದಾಯಿತು. ಇನ್ನು ಪರೀಕ್ಷಿಸು," ಎಂದರು.

ಮರಿಯ ಗರಿ ಬೆಳೆಯುವುದು ತಾಯಿ ತಂದು ಉಣಿಸಿದ ಕಪ್ಪೆ, ಮಿಡತೆಗಳ ಸತ್ವದಿಂದ. ಆ ಕಪ್ಪೆ ಬೆಳೆದ ನೀರಿನ ಗುರುತೂ ಗರಿಯೊಳಗೆ ಸೇರುತ್ತದೆ. ಬಲಿತ ಗರಿಗೆ ಮತ್ತೆ ರಕ್ತ ಹರಿಯುವುದಿಲ್ಲ, ಸೇರಿದ ಗುರುತು ಅಳಿಯುವುದಿಲ್ಲ. ಯಮನಪ್ಪನ ಗದ್ದೆಗೆ ಹೊಳೆಯ ನೀರು, ಆಶ್ರಮದ ಗದ್ದೆಗೆ ಕೊಳವೆಬಾವಿಯ ನೀರು. ಸಾಂಬಶಿವ ಸತ್ತ ಮರಿಗಳ ಗರಿ ಕಿತ್ತು, ಎರಡೂ ಗದ್ದೆಗಳ ಕಪ್ಪೆಗಳನ್ನು ಹಿಡಿದು, ಹೋಲಿಸಿ ನೋಡಲು ಗೆಳೆಯನಿಗೆ ಕಳಿಸಿದ.

ಉತ್ತರ ಬರಲು ಬಹಳ ಕಾಲ ಹಿಡಿಯಿತು. ಅಷ್ಟರಲ್ಲಿ ಮರಗಳಲ್ಲಿ ಮರಿಗಳ ಸದ್ದು ನಿಂತುಹೋಗಿತ್ತು.

ಗೆಳೆಯ ಫೋನಿನಲ್ಲಿ ಹೇಳಿದ್ದನ್ನು ಸಾಂಬಶಿವ ಮತ್ತೊಮ್ಮೆ ಹೇಳಿಸಿಕೊಂಡ. ಗರಿಗಳಲ್ಲಿದ್ದದ್ದು ಕೊಳವೆಬಾವಿಯ ನೀರಿನ ಗುರುತು.

ಆಶ್ರಮದ ಗದ್ದೆಗೆ ಜಿಗಿಹುಳು ಬಿದ್ದಾಗ ಔಷಧಿ ಹೊಡೆದವನು ಸಾಂಬಶಿವನೇ. ದಾಸೋಹಕ್ಕೆ ಬೇಯುವ ಅಕ್ಕಿ ಆ ಗದ್ದೆಯದು. ಒಮ್ಮೆ ಹೊಡೆದರೆ ಏನಾದೀತು ಎಂದುಕೊಂಡಿದ್ದ.

ಅವನು ಗುರುಗಳ ಬಳಿ ಹೋಗಿ ಇದ್ದದ್ದನ್ನು ಹೇಳಿದ. ಊರಿಗೆ ತಿಳಿದರೆ ಜನ ಆಶ್ರಮದ ಕಡೆ ಬರುವುದನ್ನೇ ಬಿಟ್ಟಾರು ಎಂದು ತಡವರಿಸಿದ. "ಈಗ ಇದು ಈ ಊರಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತು, ಗುರುಗಳೇ."

"ದೋಣಿ ಈ ದಡದಲ್ಲೇ ಇದೆ," ಎಂದರು ಗುರುಗಳು.

ಸಾಂಬಶಿವ ಹೊಳೆ ದಾಟಿದ. ಯಮನಪ್ಪನ ಗದ್ದೆಯಲ್ಲಿ ಪೈರಿರಲಿಲ್ಲ. ತೆನೆ ಒಡೆಯುವ ಮುಂಚೆಯೇ ಅವನು ಅದನ್ನು ಉತ್ತು ಕೆಸರಿಗೆ ಸೇರಿಸಿದ್ದ. ಸಾಂಬಶಿವ ನಡೆದದ್ದನ್ನೆಲ್ಲ ಹೇಳಿ ಅವನ ಕಾಲು ಮುಟ್ಟಲು ಬಾಗಿದ. ಯಮನಪ್ಪ ಹಿಂದೆ ಸರಿದ.

"ನಾನೂ ಔಷಧಿ ಹೊಡೆದಿದ್ದೆ ಸ್ವಾಮಿ. ನೀವು ಹೇಳಿದ ಮೇಲೆ ಆ ಅನ್ನ ಮಕ್ಕಳಿಗೆ ಹೇಗೆ ಬಡಿಸಲಿ ಅನ್ನಿಸಿತು."

ಸಾಂಬಶಿವ ಉತ್ತ ಕೆಸರಿನ ಕಡೆ ನೋಡಿದ.

"ಮರಿಗಳು ಉಳಿದವಾ?" ಎಂದು ಯಮನಪ್ಪ ಕೇಳಿದ.

"ಒಂದೂ ಉಳಿಯಲಿಲ್ಲ."

ಯಮನಪ್ಪ ಸನಿಕೆ ಹೆಗಲಿಗೇರಿಸಿಕೊಂಡು ಮನೆಯ ಕಡೆ ನಡೆದ.

ಸಾಂಬಶಿವ ಮರಳಿದಾಗ ಗುರುಗಳು ಆಶ್ರಮದ ಗದ್ದೆಯಲ್ಲಿದ್ದರು. ತೆನೆ ಬಾಗಿದ ಪೈರನ್ನು ಹಿಡಿಹಿಡಿಯಾಗಿ ಕೀಳುತ್ತಿದ್ದರು. ಒಂದು ಮೂಲೆ ಕೂಡ ಮುಗಿದಿರಲಿಲ್ಲ. ಉಸಿರು ಏರಿತ್ತು.

"ಕೊಯ್ಲಿಗೆ ಬಂದ ಪೈರು," ಎಂದ ಸಾಂಬಶಿವ. "ದಾಸೋಹಕ್ಕೆ ಏನು ಮಾಡುವುದು?"

ಗುರುಗಳು ಇನ್ನೊಂದು ಹಿಡಿ ಕಿತ್ತರು.

ಸಾಂಬಶಿವ ಪಂಚೆ ಎತ್ತಿ ಕಟ್ಟಿ ಗದ್ದೆಗಿಳಿದ. ಇಬ್ಬರೂ ಸಾಲು ಹಿಡಿದು ಕಿತ್ತರು. ಬೇರು ಸಡಿಲಿದಲ್ಲಿ ಹುಳುಗಳೆದ್ದವು. ಅವನ್ನು ಹೆಕ್ಕಲು ಬೆಳ್ಳಕ್ಕಿಗಳು ಬಂದಿಳಿದವು. ಸಾಂಬಶಿವ ಕೈ ಬೀಸಿ ಓಡಿಸಿದ. ಅವು ಹಾರಿ, ತುಸು ದೂರದಲ್ಲಿ ಮತ್ತೆ ಇಳಿದವು. ಮತ್ತೆ ಓಡಿಸಿದ. ಮತ್ತೆ ಇಳಿದವು.

ಹೊತ್ತು ಮುಳುಗುವಾಗ ಇಬ್ಬರೂ ಬದುವಿನ ಮೇಲೆ ಕುಳಿತರು. ಅಂಗೈಗಳು ಸೀಳಿದ್ದವು. ಬಹಳ ಹೊತ್ತಿನಿಂದ ನಾಲಗೆಯ ಮೇಲಿದ್ದ ಮಾತನ್ನು ಸಾಂಬಶಿವ ಕೊನೆಗೆ ಆಡಿದ.

"ನಾನು ಔಷಧಿ ಹೊಡೆಯುವಾಗ ನೀವು ಇಲ್ಲೇ ನಿಂತು ನೋಡುತ್ತಿದ್ದಿರಿ. ಯಾಕೆ ತಡೆಯಲಿಲ್ಲ, ಗುರುಗಳೇ?"

ಗುರುಗಳು ತಮ್ಮ ಕೈಗಳನ್ನು ನೋಡಿಕೊಂಡರು.

"ಅಕ್ಕಿ ಸಾಲದೆ ಹೋದೀತೆಂಬ ಭಯ ನನಗೂ ಇತ್ತು."